ಎರಡೂ ಕೈಯಲ್ಲಿ ಬಳೆ

“ಈ ಬಳೆ ಹಿಂಗಿರೋಕೆ ಸಾಧ್ಯಾನೇ ಇಲ್ಲ ಮೇಡಂ,” ಎಂದಳು ಸಹನಾ.

ನನಗೆ ಮೊದಲೇ ಪಿತ್ತ ನೆತ್ತಿಗೇರಿತ್ತು. ಮಧುಗಿರಿಯ ಆ ಆಸ್ಪತ್ರೆ ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಮಂಚದ ಮೇಲೆ ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡ ಹೆಂಗಸು ಬೆಳಗಿನಿಂದ ಒಮ್ಮೆ ಕಣ್ಣು ತೆರೆದು ಮತ್ತೆ ಮುಚ್ಚಿದ್ದಾಳೆ. ಇವಳು ನೋಡಿದರೆ ಬಳೆ ಹಿಡಿದು ಕೂತಿದ್ದಾಳೆ.

ಆ ಹೆಂಗಸು ಧನಲಕ್ಷ್ಮಿ. ನಿನ್ನೆ ಬೆಳಗ್ಗೆ ಸಹನಾ ನಡೆಸುವ ಆಸರೆ ಮನೆಯಿಂದ ಕಾಣೆಯಾಗಿ, ಮಧ್ಯಾಹ್ನ ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ತಲೆ ಒಡೆದುಕೊಂಡು ಬಿದ್ದಿದ್ದಳು. ನೋಡಿದವರೆಲ್ಲ ಕುಡಿದಿದ್ದಾಳೆ ಅಂದುಕೊಂಡು ಪಕ್ಕದಲ್ಲೇ ಬಸ್ಸಿಗೆ ಕಾಯುತ್ತ ನಿಂತಿದ್ದರಂತೆ. ಅವರ ಜನ್ಮಕ್ಕಿಷ್ಟು.

ಕುಡಿತವಲ್ಲ ಅದು. ಹನ್ನೊಂದು ವರ್ಷ ಗಂಡ ಅಂಬರೀಶ್ ಅವಳ ತಲೆಯನ್ನು ಗೋಡೆಗೆ ಗುದ್ದಿದ್ದ, ಉಸಿರು ನಿಲ್ಲುವಷ್ಟು ಕತ್ತು ಹಿಸುಕಿದ್ದ. ಅದರಿಂದ ಅವಳ ಮಿದುಳಿಗೇ ಏಟಾಗಿದೆ. ನಡೆದರೆ ವಾಲುತ್ತಾಳೆ, ಮಾತಿನ ನಡುವೆ ಪದ ಹುಡುಕುತ್ತಾಳೆ, ಬಿಸಿಲು ಕಂಡರೆ ಕಣ್ಣು ಮುಚ್ಚುತ್ತಾಳೆ, ಉಂಡದ್ದನ್ನು ಮರೆಯುತ್ತಾಳೆ. ಸೋಮವಾರ ಅವಳು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಬೇಕು. ಆ ಕಡೆಯ ವಕೀಲನದ್ದು ಒಂದೇ ರಾಗ, ನೆನಪಿಲ್ಲದವಳ ಸಾಕ್ಷಿ ಏನು ಸಾಕ್ಷಿ ಅಂತ. ಅವಳು ಸೋಮವಾರ ಬಾಯಿ ಬಿಡದಿದ್ದರೆ ಅಂಬರೀಶ್ ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಾನೆ.

“ಜಯಕ್ಕ ಮೇಡಂ, ಯಾರನ್ನ ಒಳಗೆ ಬಿಡ್ಲಿ, ಯಾರನ್ನ ಬಿಡಬಾರದು?” ಬಾಗಿಲಲ್ಲಿ ಕಾವಲಿಗಿದ್ದ ಕಾನ್‌ಸ್ಟೇಬಲ್ ಅಂಜನ್ ಕುಮಾರ್ ಕೇಳಿದ.

“ಎಷ್ಟು ಸಲ ಹೇಳ್ಬೇಕಯ್ಯ ನಿಂಗೆ? ಹೆತ್ತ ಅಪ್ಪ ಅಮ್ಮನ್ನ ಬಿಟ್ಟು ಒಂದು ನರಪಿಳ್ಳೇನೂ ಒಳಗೆ ಬಿಡಬೇಡ.”

ಅವನು ತಲೆಯಾಡಿಸಿದ. ನಾನು ಸಹನಾಳ ಕಡೆ ತಿರುಗಿದೆ. ಕೊರಟಗೆರೆ ಕಡೆಯ ಹುಡುಗಿ, ತಲೆಗೆ ಏಟು ತಿಂದವರನ್ನು ಮತ್ತೆ ಬದುಕಿಗೆ ಒಗ್ಗಿಸುವ ವಿದ್ಯೆ ಓದಿಕೊಂಡವಳು. ಸುಮ್ಮಸುಮ್ಮನೆ ಮಾತಾಡುವವಳಲ್ಲ.

“ಸರಿ, ಬಳೆ ಕಥೆ ಏನು ಹೇಳಮ್ಮ.”

“ನಾಲ್ಕು ಬಳೆ ಮೇಡಂ. ಬೆಳಗ್ಗೆ ಎದ್ದಾಗ ನಾಲ್ಕೂ ಬಲಗೈಯಲ್ಲಿ ಇರ್ತವೆ, ಎಡಗೈ ಖಾಲಿ. ಬೆಳಗಿನ ಮಾತ್ರೆ ನುಂಗಿದ ಮೇಲೆ ಕೆಂಪು ಬಳೆ ಎಡಗೈಗೆ. ಮಧ್ಯಾಹ್ನದ ಮಾತ್ರೆ ಆದ್ಮೇಲೆ ಹಳದಿ. ಸಂಜೆ ನಡೆದು ಬಂದ್ಮೇಲೆ ಹಸಿರು. ರಾತ್ರಿ ಮಾತ್ರೆ ಆದ್ಮೇಲೆ ನೀಲಿ. ಏನು ಮಾಡಿದೀನಿ, ಏನು ಬಾಕಿ ಅಂತ ಅವಳು ಯಾರನ್ನೂ ಕೇಳಬೇಕಾಗಿಲ್ಲ, ಕೈ ನೋಡ್ಕೊಂಡ್ರೆ ಸಾಕು. ಹೆಸರು ಮರೆತಿದಾಳೆ, ದಾರಿ ಮರೆತಿದಾಳೆ, ಬಳೆ ಮಾತ್ರ ಒಂದು ದಿನಾನೂ ತಪ್ಪಿಸಿಲ್ಲ.”

ನಾನು ಧನಲಕ್ಷ್ಮಿಯ ಕೈ ನೋಡಿದೆ. ಬಲಗೈಯಲ್ಲಿ ಕೆಂಪು, ಹಳದಿ. ಎಡಗೈಯಲ್ಲಿ ಹಸಿರು, ನೀಲಿ.

“ನಿನ್ನೆ ಬೆಳಗ್ಗೆ ಕೆಂಪು ಬಳೆ ಎಡಗೈಗೆ ಹೋಗಿದ್ದನ್ನ ನಾನೇ ನೋಡಿದೀನಿ,” ಎಂದಳು ಸಹನಾ. “ಮಧ್ಯಾಹ್ನಕ್ಕೆ ಸಿಕ್ಕಿದಾಗ ಅದು ವಾಪಸ್ ಬಲಗೈಯಲ್ಲಿತ್ತು. ರಾತ್ರಿ ಮಾತ್ರೆ ಬಳೆ ಎಡಗೈಯಲ್ಲಿ. ಯಾರೋ ನಾಲ್ಕನ್ನೂ ಬಿಚ್ಚಿ ಎರಡೆರಡು ಹಾಕಿದಾರೆ.”

ತಲೆ ಒಡೆಯಲು ಬಂದವನು ಬಳೆ ಸಮ ಮಾಡುತ್ತಾ ಕೂರುತ್ತಾನೆಯೇ? ಇಲ್ಲ. ಮುತ್ತೈದೆಯ ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಒಂದೇ ಬಳೆ ಇರುವುದನ್ನು ನೋಡಲಾಗದ ಯಾರೋ ಹೆಂಗಸು ಮಾಡಿದ ಕೆಲಸ ಅದು. ನನ್ನ ಅತ್ತೆ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು.

ಇನ್ನೊಂದು ವಿಷಯ ನಿನ್ನೆಯಿಂದ ನನ್ನನ್ನು ಕಾಡುತ್ತಿತ್ತು. ಸಿಕ್ಕಿದಾಗ ಧನಲಕ್ಷ್ಮಿಯ ಕೂದಲಿಗೆ ಎಣ್ಣೆ ಹಚ್ಚಿ ಬಾಚಿತ್ತು. ಜಡೆ ಅರ್ಧ ಹೆಣೆದು ಹಾಗೇ ಬಿಟ್ಟಿತ್ತು. ಯಾರೋ ಹೆಣೆಯುತ್ತಿದ್ದವರು ನಡುವೆಯೇ ಕೈಬಿಟ್ಟಿದ್ದಾರೆ.

“ಅವಳ ತಲೆ ಮುಟ್ಟೋಕೆ ಯಾರನ್ನ ಬಿಡ್ತಾಳೆ?” ಕೇಳಿದೆ.

“ಡಾಕ್ಟರನ್ನೂ ಬಿಡಲ್ಲ ಮೇಡಂ. ಕೈ ಎತ್ತಿದ್ರೆ ಸಾಕು, ಮುದುರಿಕೊಳ್ತಾಳೆ. ನಾನು ಬಾಚ್ತೀನಿ. ಮತ್ತೆ ಅವರಮ್ಮ.”

ಗಂಡನ ಕಡೆಯವರ ಲೆಕ್ಕ ನಾನು ರಾತ್ರಿಯೇ ಮುಗಿಸಿದ್ದೆ. ಜಾಮೀನಿನ ಮೇಲಿರುವ ಅಂಬರೀಶ್ ನಿನ್ನೆ ಬೆಳಗ್ಗೆಯೆಲ್ಲ ಶಿರಾ ಠಾಣೆಯಲ್ಲಿ ಸಹಿ ಹಾಕಲು ಕಾದು ಕೂತಿದ್ದ, ಅದಕ್ಕೆ ಪೊಲೀಸರೇ ಸಾಕ್ಷಿ. ಅವನ ತಾಯಿ ತೀರಿಕೊಂಡಿದ್ದಾಳೆ. ಅಕ್ಕ ಪಾವಗಡದಲ್ಲಿ ಹಸಿ ಬಾಣಂತಿ. ಉಳಿದವಳು ದಾಸಮ್ಮ, ಹೆತ್ತ ತಾಯಿ. ಮಗಳು ಸಂಕ್ರಾಂತಿಯಿಂದೀಚೆಗೆ ಮನೆ ಹೊಸ್ತಿಲು ತುಳಿದಿಲ್ಲ ಅಂತ ನಿನ್ನೆ ಸಂಜೆ ಅತ್ತುಕೊಂಡು ಹೇಳಿಕೆ ಕೊಟ್ಟವಳು.

ನಾನು ಎದ್ದು ನಿಂತೆ.

“ಅಂಥವೇ ಬಳೆ ನಿನ್ನ ಹತ್ರ ಇನ್ನೂ ಇದಾವಾ?” ಎಂದೆ. “ನಾಲ್ಕು ಕೊಡು. ನಾನು ಈ ಖಾಕಿ ಬಿಚ್ಚಿ ಸೀರೆ ಉಟ್ಕೊಂಡು ಬರ್ತೀನಿ. ನೀನೂ ನನ್ ಜೊತೆ ಹೊರಡು.”

* * *

ದಾಸಮ್ಮನ ಮನೆ ಕೊಡಿಗೇನಹಳ್ಳಿ ದಾಟಿ ಒಂದಿಷ್ಟು ದೂರ. ಜೀಪು ನಿಲ್ಲಿಸಿದಾಗ ಧನಲಕ್ಷ್ಮಿಯ ಅಪ್ಪ ಓಬಳಯ್ಯ ಜಗುಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ನಮ್ಮನ್ನು ಕಂಡು ಬೀಡಿ ಬಿಸಾಕಿ, ಚಾಪೆ ಕೊಡವಿ ಹಾಸಿದ. ಮೆದು ಮಾತಿನ ಮನುಷ್ಯ. ನಿನ್ನೆ ಆಸ್ಪತ್ರೆಯಲ್ಲಿ ಮಗಳ ಕಾಲು ಹಿಡಿದು ಅತ್ತಿದ್ದನ್ನು ನೋಡಿ ನರ್ಸಮ್ಮನೂ ಕಣ್ಣೊರೆಸಿಕೊಂಡಿದ್ದಳು.

“ಹೆಂಗವಳೆ ಮೇಡಂ ನಮ್ ಮಗ?”

“ಬೆಳಗ್ಗೆ ಕಣ್ಣು ಬಿಟ್ಟಳು. ಸಂಜೆ ಹೊತ್ತಿಗೆ ಮಾತಾಡಬಹುದು ಅಂತ ಡಾಕ್ಟರ್ ಹೇಳಿದಾರೆ.” ಹೆತ್ತವನಿಗೆ ಸಮಾಧಾನವಾಗಲಿ ಅಂತ ಹೇಳಿದೆ.

“ನರಸಿಂಹಸ್ವಾಮಿ ಕಾಪಾಡ್ದ,” ಅಂತ ಕೈ ಮುಗಿದ. “ನಮ್ಮನೆಗೇ ಬತ್ತಾ ಇದ್ಲೇನೋ, ದಾರೀಲಿ ಆ ಪಾಪಿಗಳು ಅಡ್ಡ ಹಾಕವ್ರೆ.”

ದಾಸಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು ಕೂತಳು. ಬಲಗೈ ಸೆರಗಿನೊಳಗಿತ್ತು.

“ಸ್ಕ್ಯಾನಿಂಗ್‌ನಲ್ಲಿ ಒಂದು ಹಳೇ ಏಟೂ ಕಾಣ್ತಾ ಇದೆ,” ಎಂದಳು ಸಹನಾ. “ತಲೆ ಮೂಳೆ ಮುರಿದು ಕೂಡಿಕೊಂಡಿದೆ. ಮದುವೆಗಿಂತ ಎಷ್ಟೋ ಮುಂಚಿಂದು. ಏನಾಗಿತ್ತು?”

“ಹುಣಸೆ ಮರದಿಂದ ಬಿದ್ದಿದ್ಲು,” ಎಂದ ಓಬಳಯ್ಯ.

“ಬಾವಿ ಮೆಟ್ಲಿಂದ,” ಎಂದಳು ದಾಸಮ್ಮ.

ಇಬ್ಬರೂ ಒಟ್ಟಿಗೇ ಹೇಳಿದ್ದರು. ಓಬಳಯ್ಯ ನಕ್ಕ. “ಇವ್ಳಿಗೆ ಮರೆವು ಕಣಮ್ಮ. ಸಾರಿಗೆ ಉಪ್ಪು ಎರಡು ಸಲ ಹಾಕ್ತಾಳೆ. ಎಲ್ಲಾ ನಾನೇ ನೋಡ್ಕಾಬೇಕು. ಕೂತ್ಕಳಿ, ಕಾಫಿಗೆ ಹಾಲು ತತ್ತೀನಿ.”

ಟಿವಿಎಸ್ ಗಾಡಿ ಕಿಕ್ ಹೊಡೆದು ಹೊರಟ. ಒಳ್ಳೆಯದೇ ಆಯಿತು ಅಂದುಕೊಂಡೆ. ಗಂಡನ ಮುಂದೆ ಬಾಯಿ ಬಿಡದವಳು ನನ್ನ ಮುಂದೆ ಬಿಡಬಹುದು.

ಬಿಡಲಿಲ್ಲ. ಸುತ್ತಿ ಬಳಸಿ ಎಷ್ಟು ಕೇಳಿದರೂ ಒಂದೇ ಮಾತು, ಮಗಳು ಬಂದಿಲ್ಲ. ನಡುವೆ ಎದ್ದು ಹೋಗಿ ಕಾಫಿ ತಂದಳು. ಎಡಗೈಯಲ್ಲಿ ಲೋಟ ಚಾಚಿದಳು. ಮನೆಗೆ ಬಂದವರಿಗೆ ಎಡಗೈಯಲ್ಲಿ ಕೊಡುವಷ್ಟು ಸಿಟ್ಟೇ ಅಂತ ನನಗೂ ಸಿಟ್ಟು ಬಂತು. ಕುಡಿದು ಇಟ್ಟೆ. ಸ್ವಲ್ಪ ಹೊತ್ತಿಗೆ “ಕಾಫಿ ಕುಡೀರವ್ವ” ಅಂತ ಮತ್ತೆ ಎದ್ದು ಹೋಗಿ ಮತ್ತೊಂದು ಲೋಟ ತಂದಳು. ಅದನ್ನೂ ಕುಡಿದೆ. ಆಮೇಲೆ ಹೊಲದ ಮಾತು, ನೆಂಟರ ಮಾತು, ಮಗಳ ಬಾಲ್ಯದ ಮಾತು ತೆಗೆದು ಕೂತೆ. ಯಾವುದಕ್ಕೂ ಬಗ್ಗಲಿಲ್ಲ. ಮೂರನೇ ಸಲ ಕಾಫಿ ಬಂದಾಗ ಸಹನಾ ನನ್ನ ಮುಖ ನೋಡಿದಳು. ನಾನು ಗಮನ ಕೊಡಲಿಲ್ಲ, ನನ್ನ ತಲೆಯೆಲ್ಲ ಬಳೆಯ ಮೇಲಿತ್ತು.

“ಸರಿ ತಾಯಿ, ಹೊರಡ್ತೀವಿ,” ಅಂತ ಎದ್ದೆ.

“ಇರವ್ವ, ಕುಂಕುಮ ತಗಂಡ್ ಹೋಗು.”

ಇದಕ್ಕೇ ಕಾದಿದ್ದೆ. ಎಷ್ಟೇ ಸಿಟ್ಟಿರಲಿ, ಮನೆಗೆ ಬಂದ ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸುವವಳಲ್ಲ ಈಕೆ. ಕುಂಕುಮದ ಭರಣಿ ತಂದಳು. ಆಗ ಬಲಗೈ ಸೆರಗಿನಿಂದ ಆಚೆ ಬಂತು. ನನ್ನ ಹಣೆಗೆ ಕುಂಕುಮ ಹಚ್ಚಿದಳು. ನಾನು ಎರಡೂ ಕೈ ಮುಂದೆ ಚಾಚಿದೆ. ಬಲಗೈಯಲ್ಲಿ ನಾಲ್ಕು ಬಳೆ, ಎಡಗೈ ಬೋಳು.

ದಾಸಮ್ಮನ ಮುಖ ಕಿವುಚಿಕೊಂಡಿತು.

“ಅಯ್ಯೋ ಇದೇನವ್ವ, ಒಂದು ಕೈ ಇಂಗೆ ಬರಿದು ಬುಟ್ಕಂಡಿದ್ದೀಯ. ಗಂಡ ಇರೋಳು,” ಎನ್ನುತ್ತಲೇ ನನ್ನ ಬಲಗೈ ಹಿಡಿದು ಎರಡು ಬಳೆ ಬಿಚ್ಚಿ ಎಡಗೈಗೆ ಏರಿಸಿದಳು. “ನೆನ್ನೆ ಅವ್ಳೂ ಇಂಗೇ, ಒಂದು ಕೈಗೆ ಒಂದೇ ಬಳೆ ಬುಟ್ಕಂಡು ಬಂದಿದ್ಲು. ತಗುದ್ರೆ ಬೈತಾಳೆ, ಬ್ಯಾಡ ಕಣವ್ವ ಬ್ಯಾಡ ಕಣವ್ವ ಅಂತಾಳೆ. ನಾ ಕೇಳ್ತೀನಾ?”

ಮಾತು ಮುಗಿಸಿ ಅವಳು ನನ್ನ ಕೈ ಸವರಿ ನೋಡಿದಳು. ಎರಡೂ ಕಡೆ ಸಮವಾಗಿರುವುದು ಕಂಡು ಅವಳಿಗೆ ಸಮಾಧಾನವಾಗಿತ್ತು.

ನಾನು ಹಾಕಿದ ಬಲೆಗೆ ಅವಳು ಬಿದ್ದಿದ್ದಳು. ಆದರೂ ಬೀಳದಿದ್ದರೆ ಚೆನ್ನಾಗಿತ್ತು ಅಂತ ಒಳಗೊಳಗೆ ಬೇಡಿಕೊಂಡಿದ್ದೆ ಅಂತ ಆಗ ಗೊತ್ತಾಯಿತು.

“ಯಾರು ನಿನ್ನೆ ಬಂದಿದ್ದು ದಾಸಮ್ಮ?”

“ಧನು.” ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಇಲ್ಲ, ಬಂದಿಲ್ಲ. ಬಂದಿಲ್ಲ ಅಂತ ಹೇಳ್ಬೇಕು.”

“ಹೆತ್ತ ಮಗಳ ತಲೆ ಒಡೆದು ಬಸ್ ಸ್ಟ್ಯಾಂಡಿನಲ್ಲಿ ಬಿಸಾಕಿ ಬಂದ್ಯಲ್ಲ, ನೀನು ತಾಯೇನೇ? ಯಾರು ಹೊಡೆದಿದ್ದು? ಯಾವುದ್ರಲ್ಲಿ ಹೊಡೆದಿದ್ದು? ಹೆಂಗೆ ಕರ್ಕೊಂಡು ಹೋದ್ರಿ? ಬೊಗಳು.”

ದಾಸಮ್ಮ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕುಸಿದಳು. ಕಣ್ಣು ಎತ್ತಲೋ ನೋಡುತ್ತಿತ್ತು. ನಾಟಕ ಅಂತ ನಾನು ಇನ್ನೊಂದು ಹೆಜ್ಜೆ ಮುಂದಿಟ್ಟೆ.

“ಮೇಡಂ, ಸಾಕು,” ಎಂದಳು ಸಹನಾ. ಆ ಹುಡುಗಿ ನನ್ನ ತೋಳು ಹಿಡಿದು ಹಿಂದಕ್ಕೆಳೆದದ್ದು ಅದೇ ಮೊದಲು. ಬಾಗಿಲು ಅರ್ಧ ಮುಚ್ಚಿ ಬೆಳಕು ತಗ್ಗಿಸಿದಳು. “ಒಟ್ಟಿಗೆ ನಾಲ್ಕು ಪ್ರಶ್ನೆ ಕೇಳಿದ್ರೆ ಧನಲಕ್ಷ್ಮೀನೂ ಹಿಂಗೇ ಆಗ್ತಾಳೆ. ನೋಡಿ ಇವರನ್ನ. ಗೋಡೆ ಹಿಡಿದು ನಡೀತಾರೆ, ಬೆಳಕಿಗೆ ಬೆನ್ನು ಕೊಟ್ಟು ಕೂರ್ತಾರೆ, ಕೊಟ್ಟ ಕಾಫಿ ಮರೆತು ಮೂರು ಸಲ ಕೊಟ್ರು.”

“ವಯಸ್ಸಾಗಿದೆ.”

“ಐವತ್ತೈದೂ ಆಗಿಲ್ಲ ಮೇಡಂ. ನಿಮಗಿಂತ ಚಿಕ್ಕವರು.”

ಸಹನಾ ನೆಲದ ಮೇಲೆ ದಾಸಮ್ಮನ ಪಕ್ಕ ಕೂತಳು. ದನಿ ತೀರಾ ತಗ್ಗಿಸಿದಳು. “ಅಮ್ಮ, ಒಂದೇ ಒಂದು ಕೇಳ್ತೀನಿ. ನಿಮ್ಮ ತಲೆಗೆ ಯಾವಾಗಾದ್ರೂ ಏಟು ಬಿದ್ದಿತ್ತಾ?”

ದಾಸಮ್ಮ ತಲೆ ಎತ್ತಿ ಅವಳ ಮುಖ ನೋಡಿದಳು. ಆಮೇಲೆ ನಕ್ಕಳು. ಆ ನಗು ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

“ಯಾವಾಗ ಬಿದ್ದಿಲ್ಲ ಅಂತ ಕೇಳು ಕಣಮ್ಮ. ಅದನ್ನಾದ್ರೆ ಹೇಳ್ಬೌದು.”

ಸೆರಗು ಸರಿಸಿ ಬೈತಲೆ ಬಿಡಿಸಿ ತೋರಿಸಿದಳು. ಕೂದಲೊಳಗೆ ಕೂದಲೇ ಇಲ್ಲದ ಗೆರೆಗಳು. ಒಂದು ಕಡೆ ಬೆರಳು ಕೂರುವಷ್ಟು ಹಳ್ಳ. ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದ್ದೇನೆ, ಹೆಣಗಳನ್ನು ನೋಡಿದ್ದೇನೆ. ಉಸಿರಾಡುವವರ ತಲೆ ಹೀಗಿರುವುದನ್ನು ನೋಡಿರಲಿಲ್ಲ. ಆ ತಲೆಗೇ ನಾನು ಈಗ ತಾನೇ ಬೊಗಳು ಅಂದಿದ್ದೆ.

“ಯಾರಮ್ಮ ಹೊಡೆದಿದ್ದು?”

“ಮದ್ವೆ ಆಗಿ ಬಂದಾಗಿಂದ,” ಅಷ್ಟೇ ಹೇಳಿದಳು. ಹೆಸರು ಹೇಳಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ಅವಳಿಗಿರಲಿಲ್ಲ.

ಮೆದು ಮಾತಿನ ಓಬಳಯ್ಯ. ಚಾಪೆ ಕೊಡವಿ ಹಾಸಿದ ಓಬಳಯ್ಯ.

“ನಿನ್ನೆ ಧನು ಬಂದಾಗ ಏನಾಯ್ತು ಅಂತ...” ನಾನು ಶುರು ಮಾಡಿದೆ. ಸಹನಾ ತಲೆಯಾಡಿಸಿ ತಡೆದಳು.

“ನೆನಪು ಮಾಡ್ಕೊಳ್ಳಿ ಅಂದ್ರೆ ಬರಲ್ಲ ಮೇಡಂ. ಕೈಗೆ ನೆನಪಿರುತ್ತೆ.” ದಾಸಮ್ಮನ ಕಡೆ ತಿರುಗಿದಳು. “ಅಮ್ಮ, ನಿನ್ನೆ ಧನೂಗೆ ಜಡೆ ಹಾಕಿದ್ರಲ್ಲ, ನಂಗೂ ಹಾಕ್ತೀರಾ? ಅವಳನ್ನ ಎಲ್ಲಿ ಕೂರಿಸಿದ್ರೋ ಅಲ್ಲೇ ಕೂರ್ತೀನಿ.”

ದಾಸಮ್ಮನ ಮುಖ ಸಡಿಲವಾಯಿತು. ಸಹನಾಳ ಕೈ ಹಿಡಿದು ಹಿತ್ತಲ ಬಾಗಿಲ ಬಳಿ ಒರಳುಕಲ್ಲಿನ ಪಕ್ಕ ಕೂರಿಸಿದಳು. ಹಿಂದೆ ಕೂತು ಕೂದಲು ಬಿಚ್ಚಿದಳು.

“ಅವ್ರೇ ಕಳ್ಸಿದ್ದು,” ಹೆಣೆಯುತ್ತಾ ಶುರು ಮಾಡಿದಳು. “ಮಗಳಿಗೆ ಒಬ್ಬಟ್ಟು ಅಂದ್ರೆ ಪ್ರಾಣ, ಕರ್ಕಂಡ್ ಬಾ, ಉಂಡ್ ಹೋಗ್ಲಿ ಅಂದ್ರು. ಬಸ್ಸಲ್ಲಿ ಕರ್ಕಂಡ್ ಬಂದೆ. ಕಿಟಕಿ ಪಕ್ಕ ಕೂರುಸ್ದೆ, ನಮ್ ಬಂಗಾರೂನ. ಬಳೆ ಸರಿ ಮಾಡ್ದೆ. ಎಣ್ಣೆ ಇಟ್ಟೆ. ಜಡೆ ಹಾಕ್ತಿದ್ದೆ...”

ಜಡೆ ಅರ್ಧಕ್ಕೆ ಬಂದಿತ್ತು. ಅವಳ ಕೈ ನಿಂತಿತು.

ಇದ್ದಕ್ಕಿದ್ದಂತೆ ಅವಳು ಸಹನಾಳ ತಲೆಯ ಮೇಲೆ ಕವುಚಿಬಿದ್ದಳು. ಎರಡೂ ಅಂಗೈ ಅಗಲಿಸಿ ಆ ನೆತ್ತಿಯನ್ನು ಮುಚ್ಚಿಕೊಂಡಳು.

ಆಗ ನಾನು ಅವಳ ಬಲಗೈ ಸರಿಯಾಗಿ ನೋಡಿದೆ. ಬೆರಳ ಗೆಣ್ಣುಗಳು ಊದಿ ನೇರಳೆಗಟ್ಟಿದ್ದವು. ಎರಡು ಬೆರಳು ಸೊಟ್ಟಗಾಗಿದ್ದವು. ಎಡಗೈಯಲ್ಲಿ ಕಾಫಿ ಕೊಟ್ಟದ್ದು ಸಿಟ್ಟಿನಿಂದಲ್ಲ. ಆ ಮುರಿದ ಬೆರಳಿನಲ್ಲಿ ನನಗೆ ಕುಂಕುಮ ಇಟ್ಟಿದ್ದಳು.

“ಒನಕೆ ಎತ್ತುದ್ರು,” ಸಹನಾಳ ಕೂದಲೊಳಗೆ ಮುಖ ಹುದುಗಿಸಿಕೊಂಡೇ ಹೇಳಿದಳು. “ಮೊದ್ಲಿಂದ ಹೇಳ್ತೀಯೇನೇ, ಮೊದ್ಲಿಂದ ಹೇಳ್ತೀಯೇನೇ ಅಂದ್ರು. ನಾ ಅಡ್ಡ ಬಂದೆ. ಆಮೇಲೆ... ಆಮೇಲೆ ಗೊತ್ತಿಲ್ಲ ಕಣಮ್ಮ. ಎದ್ದಾಗ ನೆಲ ತೊಳ್ದಿತ್ತು. ಅವ್ಳಿರ್ನಿಲ್ಲ. ಬಂದೇ ಇಲ್ಲ ಅಂದ್ರು ಅವ್ರು. ಬಂದಿದ್ಲೋ ಇಲ್ವೋ ಅಂತ ನಂಗೇ ಅನುಮಾನ ಆಗೋಯ್ತು.”

ಸಹನಾ ಮೆಲ್ಲಗೆ ತಲೆ ಎತ್ತಿದಳು.

“ಮೇಡಂ, ಹೋದ ವಾರ ಧನಲಕ್ಷ್ಮಿ ಅಪ್ಪ ನಮ್ಮ ಆಸರೆ ಮನೆಗೆ ಬಂದಿದ್ರು. ಕೋರ್ಟಲ್ಲಿ ಏನು ಹೇಳ್ತೀಯವ್ವ ಅಂತ ಕೇಳಿದ್ರು. ನನ್ನ ಮುಂದೇನೇ ಹೇಳಿದಳು ಅವಳು, ಮೊದಲಿಂದ ಹೇಳ್ತೀನಿ, ಮೊದಲನೇ ಏಟು ಯಾರು ಹೊಡೆದ್ರು ಅಲ್ಲಿಂದ ಹೇಳ್ತೀನಿ ಅಂತ. ನಾನು ಗಂಡನ ವಿಷಯ ಅಂದ್ಕೊಂಡೆ.”

ಹುಣಸೆ ಮರವೂ ಇಲ್ಲ, ಬಾವಿ ಮೆಟ್ಟಿಲೂ ಇಲ್ಲ. ಧನಲಕ್ಷ್ಮಿಯ ತಲೆಯ ಆ ಹಳೆಯ ಏಟು ಈ ಮನೆಯದು. ಸೋಮವಾರ ಅದು ಊರ ಮುಂದೆ ಬರುತ್ತಿತ್ತು. ಅದನ್ನು ಕಣ್ಣಾರೆ ಕಂಡ ಇನ್ನೊಂದೇ ಒಂದು ಜೀವ ಇಲ್ಲಿ ಕೂತು, ಮಗಳು ಬಂದಿದ್ದಳೋ ಇಲ್ಲವೋ ಅಂತ ತನ್ನನ್ನೇ ಕೇಳಿಕೊಳ್ಳುತ್ತಿದೆ.

“ಬರ್ಲಿ ಆ ಮನುಷ್ಯ,” ಎಂದೆ. ಹಲ್ಲು ಕಡಿದು ಬಾಗಿಲ ಕಡೆ ನೋಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. “ಹಾಲು ತರೋಕೆ ಹಿಂದೂಪುರಕ್ಕೆ ಹೋದ್ನಾ?”

ಹಾಗೆಂದವಳ ಕಣ್ಣು ಚಾಪೆಯ ಪಕ್ಕದ ಲೋಟಗಳ ಮೇಲೆ ಬಿತ್ತು. ತಳದಲ್ಲಿ ಉಳಿದ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಮೂರು ಸಲ ಕುಡಿದಿದ್ದೆವು. ಮೂರು ಸಲವೂ ಹಾಲು ಹಾಕಿದ ಕಾಫಿ.

ಅಡುಗೆ ಮನೆಗೆ ನುಗ್ಗಿದೆ. ಒಲೆ ಪಕ್ಕದ ಪಾತ್ರೆಯಲ್ಲಿ ಇನ್ನೂ ಅರ್ಧ ಹಾಲಿತ್ತು. ಹೊರಗಿಂದ ತರುವ ಅಗತ್ಯವೇ ಇರಲಿಲ್ಲ. ಅವನು ಎದ್ದು ಹೋಗಿ ಗಂಟೆಯೇ ಆಗಿತ್ತು, ಅದೂ ಮಗಳು ಸಂಜೆಗೆ ಮಾತಾಡುತ್ತಾಳೆ ಅಂತ ನಾನೇ ನನ್ನ ಬಾಯಾರೆ ಹೇಳಿದ ಮೇಲೆ.

ಆಸ್ಪತ್ರೆಯ ಕಾವಲಿಗೆ ಫೋನ್ ಹಚ್ಚಿದೆ. ಅಂಜನ್ ಕುಮಾರ್ ಎರಡನೇ ಸಲಕ್ಕೆ ಎತ್ತಿದ. ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು.

“ಎಲ್ಲಿದ್ದೀಯೋ?”

“ಗೇಟ್ ಮುಂದೆ ಟೀ ಅಂಗಡಿ ಹತ್ರ ಮೇಡಂ. ಈಗ್ತಾನೇ ಬಂದೆ.”

“ಧನಲಕ್ಷ್ಮಿ ಹತ್ರ ಯಾರಿದಾರೆ?”

“ನೀವೇ ಹೇಳಿದ್ರಲ್ಲ ಮೇಡಂ, ಅಪ್ಪ ಅಮ್ಮನ್ನ ಮಾತ್ರ ಬಿಡು ಅಂತ,” ಎಂದ ಅವನು. “ಅವರಪ್ಪ ಬಂದವ್ರೆ. ಪಾಪ, ಅವ್ರೇ ನನ್ನ ಕಳ್ಸಿದ್ದು. ನೀನು ಹೋಗಿ ಟೀ ಕುಡ್ಕಂಡ್ ಬಾರಪ್ಪ, ಮಗಳ ಹತ್ರ ನಾನು ಕೂತಿರ್ತೀನಿ ಅಂದ್ರು.”